ತೆರ, ತವರು, ಜೀವನಾಂಶ: ಸೇಲಂ–ಧರ್ಮಪುರಿ ಸೀಮೆಯಲ್ಲಿ ವಿಚ್ಛೇದನದ ಚರಿತ್ರೆ

ವಿಚ್ಛೇದನ ಅಂದ ಕೂಡಲೇ ಅದು ಪಟ್ಟಣದ್ದು, ಹೊಸದು, ಓದಿದವರದ್ದು ಅಂತ ನಾವು ತಿಳ್ಕೊಳ್ತೇವೆ. ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಮಾತಿನ ಕುಟುಂಬಗಳನ್ನು ನೋಡಿದರೆ ಈ ಮಾತು ನಿಲ್ಲೋದಿಲ್ಲ. ಅಲ್ಲಿ ಬಿಡುಗಡೆ ಹಳೆಯದು. ಅದರ ಖರ್ಚು ಯಾರ ತಲೆಗೆ ಬಿತ್ತು ಅನ್ನೋದು ಕಾಲಕಾಲಕ್ಕೆ ಬದಲಾಗಿದೆ. ಅದನ್ನೇ ಇವತ್ತು ತೋರಿಸಲು ನೋಡ್ತೇನೆ.

ಮೊದಲು ಸೀಮೆಯ ಬಗ್ಗೆ ಎರಡು ಮಾತು. ಧರ್ಮಪುರಿ ಸೇರಿದ ಬಾರಾಮಹಲ್ 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿತು. ಧರ್ಮಪುರಿ 1965ರಲ್ಲಿ ಸೇಲಂನಿಂದ ಬೇರೆ ಜಿಲ್ಲೆಯಾಯಿತು. ದೇವಾಂಗ ನೇಕಾರರು, ಕುರುಬರು, ಒಕ್ಕಲಿಗರು ಇಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುತ್ತಾ ಬಂದವರು.

ಇಂಥ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಡುತ್ತಿದ್ದರು. ಸಂಬಂಧ ಮುರಿದರೆ ಕುಲದ ಹಿರಿಯರು ಕೂತು ತೆರ, ಒಡವೆ, ಮದುವೆ ಖರ್ಚು ಯಾರು ಹಿಂದಿರುಗಿಸಬೇಕು ಅಂತ ತೀರ್ಮಾನಿಸುತ್ತಿದ್ದರು. ಹೆಣ್ಣು ಕೂಡಿಕೆಯಾಗಿ ಇನ್ನೊಂದು ಮನೆ ಸೇರಬಹುದಿತ್ತು. ತಮಿಳಿನ 'ಅರುತ್ತುಕ್ಕಟ್ಟುದಲ್', ಅಂದರೆ ತಾಳಿ ಕಡಿದು ಮತ್ತೆ ಕಟ್ಟುವುದು, ಇದೇ ಬಗೆಯ ಪದ್ಧತಿ. ಆದರೆ ಇದನ್ನು ಸ್ವಾತಂತ್ರ್ಯ ಅಂತ ಕೊಂಡಾಡೋದು ಬೇಡ. ಮಕ್ಕಳು ಸಾಮಾನ್ಯವಾಗಿ ತಂದೆಯ ಕುಲಕ್ಕೇ ಉಳಿಯುತ್ತಿದ್ದರು. ಕೂಡಿಕೆಯಾದವಳಿಗೆ ಅನೇಕ ಕಡೆ ಮದುವೆಯ ಶುಭಕಾರ್ಯದಲ್ಲಿ ಮುಂದೆ ನಿಲ್ಲುವ ಹಕ್ಕಿರಲಿಲ್ಲ. ಮನೆ ಸಿಕ್ಕಿತು, ಮಾನ ಅರ್ಧಕ್ಕೆ ನಿಂತಿತು.

ಮುಂದೆ ತೆರ ಹೋಗಿ ವರದಕ್ಷಿಣೆ ಬಂತು. ಲೆಕ್ಕ ತಿರುಗುಮುರುಗಾಯಿತು ನೋಡಿ. ಹಿಂದೆ ಹಣ ವಾಪಸ್ ಕೇಳುತ್ತಿದ್ದವನು ಗಂಡ, ಈಗ ಕೇಳಬೇಕಾದವರು ಹೆಣ್ಣಿನ ಕಡೆಯವರು. ಮಗ್ಗದ ಮನೆಯಲ್ಲಿ ಇನ್ನೂ ಕಷ್ಟ. ಮಗ್ಗ ಗಂಡನದು, ಸಾಹುಕಾರನ ಮುಂಗಡ ಗಂಡನ ಹೆಸರಲ್ಲಿ. ವರ್ಷಗಟ್ಟಲೆ ಕಂಡಿಕೆ ಸುತ್ತಿದ ಹೆಂಡತಿಯ ದುಡಿಮೆ ಯಾವ ಪುಸ್ತಕದಲ್ಲೂ ಇರೋದಿಲ್ಲ.

ಕಾನೂನು ಏನು ಮಾಡಿತು? ಮದ್ರಾಸ್ ಪ್ರಾಂತ್ಯ 1949ರಲ್ಲೇ ಹಿಂದೂಗಳಿಗೆ ವಿಚ್ಛೇದನದ ಕಾಯ್ದೆ ತಂದಿತು. 1955ರ ಹಿಂದೂ ವಿವಾಹ ಕಾಯ್ದೆ ನ್ಯಾಯಾಲಯದ ದಾರಿ ತೆರೆಯಿತು, ಜೊತೆಗೆ 29(2)ನೇ ಕಲಮಿನಲ್ಲಿ ರೂಢಿಯ ವಿಚ್ಛೇದನವನ್ನೂ ಉಳಿಸಿತು. ಆದರೆ ಅಂಥ ರೂಢಿ ಇದೆ ಅಂತ ಹೇಳಿ ಸಾಬೀತು ಮಾಡಲೇಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹಾಗಾಗಿ ಪಂಚಾಯಿತಿಯಲ್ಲಿ ಬರೆಸಿಕೊಂಡ ಛಾಪಾ ಕಾಗದವನ್ನೇ ನಂಬಿ ಮರುಮದುವೆಯಾದವಳ ಗತಿ ಯೋಚಿಸಿ. ಎಷ್ಟೋ ವರ್ಷದ ನಂತರ ಆಸ್ತಿಗೋ ಕುಟುಂಬ ಪಿಂಚಣಿಗೋ ತಕರಾರು ಎದ್ದಾಗ ಆ ಮದುವೆಯೇ ಅಸಿಂಧು ಅನ್ನಿಸಿಕೊಳ್ಳಬಹುದು.

ಜೀವನಾಂಶದ ಕಥೆಯೂ ಇಂಥದ್ದೇ. 1898ರ ದಂಡ ಪ್ರಕ್ರಿಯಾ ಸಂಹಿತೆ 'ಹೆಂಡತಿ'ಗೆ ಮಾತ್ರ ಜೀವನಾಂಶ ಕೊಟ್ಟಿತ್ತು. ವಿಚ್ಛೇದಿತೆಯನ್ನು ಆ ಪದದೊಳಗೆ ಸೇರಿಸಿದ್ದು 1973ರ ಸಂಹಿತೆ, ಅದೂ ಮರುಮದುವೆ ಆಗುವವರೆಗೆ. ತಿಂಗಳಿಗೆ 500 ರೂಪಾಯಿಯ ಮಿತಿ ಹೋಗಲು 2001 ಬರಬೇಕಾಯಿತು.

ಈಗ ತವರಿನ ವಿಷಯ. ಈ ಸೀಮೆಯಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡೋದು ಬಹಳ ರೂಢಿ. ಸೋದರಮಾವನನ್ನೇ ಮದುವೆಯಾದವಳಿಗೆ ಅಜ್ಜಿಯೇ ಅತ್ತೆ. ಅವಳು ಗಂಡನನ್ನು ಬಿಟ್ಟರೆ ಅವಳ ತಾಯಿ ಒಡಹುಟ್ಟಿದವನನ್ನೇ ಕಳ್ಕೊಳ್ತಾಳೆ. ಅದಕ್ಕೇ 'ಹೊಂದಿಕೊಂಡು ಹೋಗಮ್ಮ' ಅನ್ನುವ ಮಾತು ಗಂಡನ ಕಡೆಯಿಂದಲೇ ಬರಬೇಕಿಲ್ಲ, ಹೆತ್ತವಳ ಬಾಯಿಂದಲೇ ಬರುತ್ತದೆ. ವಾಪಸ್ ಬಂದರೂ ತವರಿನಲ್ಲಿ ಪಾಲೆಷ್ಟು? ತಮಿಳುನಾಡು 1989ರಲ್ಲೇ, ಕರ್ನಾಟಕಕ್ಕಿಂತ ಐದು ವರ್ಷ ಮೊದಲು, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಆ ಬೇಲಿ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ.

ಆದ್ದರಿಂದ ಚರ್ಚೆಗೆ ನಾನು ಇಡುವ ಪ್ರಶ್ನೆ ಇದು. ವಿಚ್ಛೇದನದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕಾಯ್ದೆಗಳ ಇಸವಿ ಹಿಡಿದು ಬರೀತೇವೆ. ಅದರ ಬದಲು, ಬಿಟ್ಟು ಬಂದವಳು ಆ ರಾತ್ರಿ ಯಾರ ಮನೆಯಲ್ಲಿ ಮಲಗಿದಳು, ಮಕ್ಕಳು ಎಲ್ಲಿದ್ದರು, ಒಡವೆ ಯಾರ ಪೆಟ್ಟಿಗೆಯಲ್ಲಿತ್ತು ಎಂಬಲ್ಲಿಂದ ಶುರುಮಾಡಿದರೆ ನಮ್ಮ ಕಾಲವಿಂಗಡಣೆ ಹೇಗೆ ಬದಲಾದೀತು? ನಿಮ್ಮ ಅಭಿಪ್ರಾಯ ಕೇಳಲು ಕಾದಿದ್ದೇನೆ.