ಕೋವಿಡ್ ಮತ್ತು ಕಾಲೇಜು ಕ್ರೀಡೆ, ಉತ್ತರ ಕನ್ನಡ

ಕಾಯ್ಕಿಣಿ ಗ್ರಾಮದ ಸುತ್ತಲಿನ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಪದವಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಕೋವಿಡ್‌ನಿಂದಾಗಿ 2020ರ ಮಾರ್ಚ್‌ನಲ್ಲಿ ಮುಚ್ಚಿದ ರಾಜ್ಯದ ಪದವಿ ಕಾಲೇಜುಗಳು ಮತ್ತೆ ತೆರೆದದ್ದು ನವೆಂಬರ್ 17ರಂದು.

ಕಾಲೇಜುಗಳ ಜೊತೆ ಪಂದ್ಯಗಳೂ ನಿಂತವು; ಆದರೆ ಅದರ ಪೆಟ್ಟು ಎಲ್ಲೆಡೆ ಒಂದೇ ಬಗೆಯದಲ್ಲ. ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ನಿಂತರೆ ಟಿಕೆಟ್ಟಿನ, ಟಿವಿ ಹಕ್ಕಿನ ದುಡ್ಡು ತಪ್ಪುತ್ತದೆ. ಅಲ್ಲಿನ ವಿಶ್ವವಿದ್ಯಾಲಯಗಳ ಬಿಗ್ ಟೆನ್ ಕೂಟ 2020ರ ಆಗಸ್ಟ್ 11ರಂದು ಮುಂದೂಡಿದ ಋತುವನ್ನು ಸೆಪ್ಟೆಂಬರ್‌ನಲ್ಲೇ ಮರಳಿ ಘೋಷಿಸಿತು. ಇಲ್ಲಿ ಆಟ ಗಳಿಕೆಯ ಬಾಬಲ್ಲ, ವಿದ್ಯಾರ್ಥಿಗಳ ಕ್ರೀಡಾ ಶುಲ್ಕದಿಂದ ನಡೆಯುವ ಖರ್ಚು. ವಿಶ್ವವಿದ್ಯಾಲಯದ ಸ್ವಂತ ಆದಾಯ ನಿಂತಿರುವುದು ಪರೀಕ್ಷೆ, ಪ್ರವೇಶ, ಸಂಯೋಜನೆಯ ಶುಲ್ಕಗಳ ಮೇಲೆ. ಹಾಗಾಗಿ ಪಂದ್ಯ ನಿಂತದ್ದರ ಪೆಟ್ಟು ಬೊಕ್ಕಸಕ್ಕಿಂತ ಆಟಗಾರರಿಗೇ ಹೆಚ್ಚು: ಕೊನೆಯ ವರ್ಷದವರಿಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಡಿ ‘ಯೂನಿವರ್ಸಿಟಿ ಬ್ಲೂ’ ಆಗುವ ಅವಕಾಶ ಮತ್ತೆ ಸಿಗದು. ಬೆಂಗಳೂರಿನ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವೂ ಮುಂದಕ್ಕೆ ಹೋಗಿ, 2022ರ ಏಪ್ರಿಲ್ 24ರಂದು ಆರಂಭವಾಯಿತು.