ಜಾಗ ಸಿಗದ ಕಾರಂಜಿ

1907ರಲ್ಲಿ ನಾರ್ವೆಯ ರಾಜಧಾನಿಯ ನಗರಸಭೆ ಒಬ್ಬ ಶಿಲ್ಪಿಯಿಂದ ಮಾಡಿಸಲು ಹೊರಟದ್ದು ಒಂದು ಕಾರಂಜಿಯನ್ನು. ನಲವತ್ತು ವರ್ಷ ಕಳೆಯುವ ಹೊತ್ತಿಗೆ ಊರಿಗೆ ದಕ್ಕಿದ್ದೇ ಬೇರೆ. ಕಾರಂಜಿಯೇನೋ ಬಂತು; ಜೊತೆಗೆ ನೂರು ಮೀಟರ್ ಉದ್ದದ ಸೇತುವೆ, ಕಬ್ಬಿಣದ ಮಹಾದ್ವಾರ, ಮೆಟ್ಟಿಲು ಮೆಟ್ಟಿಲಾಗಿ ಏರುವ ದಿಣ್ಣೆ, ಆ ದಿಣ್ಣೆಯ ನೆತ್ತಿಯಲ್ಲಿ ಮನುಷ್ಯರ ಮೈಗಳನ್ನೇ ಹೆಣೆದು ನಿಲ್ಲಿಸಿದ ಕಲ್ಲುಕಂಬ, ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಶಿಲ್ಪಗಳು ಬಂದವು. ಓಸ್ಲೊ ನಗರದ ಫ್ರೋಗ್ನರ್ ಉದ್ಯಾನದಲ್ಲಿರುವ ಇವನ್ನು ನೋಡಲು ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಟಿಕೆಟ್ ಇಲ್ಲ. ಹಗಲು ರಾತ್ರಿ ಬಾಗಿಲು ಮುಚ್ಚುವುದೂ ಇಲ್ಲ.

ಗೊತ್ತಿಲ್ಲದೆ ಬಂದ ಪ್ರವಾಸಿ ಇಲ್ಲಿ ಗಲಿಬಿಲಿಗೊಳ್ಳುವುದು ಸಹಜ. ಯುರೋಪಿನ ಊರುಗಳಲ್ಲಿ ಕುದುರೆಯೇರಿದ ರಾಜರು, ಕತ್ತಿ ಹಿಡಿದ ಸೇನಾಪತಿಗಳು, ಕಾಗದದ ಸುರುಳಿ ಹಿಡಿದ ಕವಿಗಳು ಪೀಠದ ಮೇಲೆ ಹೆಸರು ಇಸವಿ ಸಮೇತ ನಿಂತಿರುತ್ತಾರೆ. ಇಲ್ಲಿ ಯಾರಿಗೂ ಹೆಸರಿಲ್ಲ, ಮೈಮೇಲೆ ಬಟ್ಟೆಯೂ ಇಲ್ಲ. ಮುದುಕ, ಬಸುರಿ, ಜಗಳವಾಡುವ ಜೋಡಿ, ಮಗುವನ್ನು ಮೇಲಕ್ಕೆತ್ತಿ ಆಡಿಸುವ ತಂದೆ. ಒಬ್ಬ ಗಂಡಸಂತೂ ಮೈಗೆ ಮುತ್ತಿಕೊಂಡ ನಾಲ್ಕು ಶಿಶುಗಳನ್ನು ಕೊಡವಿ ಒದೆಯುತ್ತಿದ್ದಾನೆ! ಇದರ ಅರ್ಥವೇನು ಎಂದು ಕೇಳಿದವರಿಗೆ ಶಿಲ್ಪಿ ಗುಸ್ತಾವ್ ವಿಗೆಲಾಂಡ್ ವಿವರಣೆ ಕೊಡಲು ಹೋಗಲಿಲ್ಲ.

ವಿಗೆಲಾಂಡ್ ಹುಟ್ಟಿದ್ದು 1869ರಲ್ಲಿ, ನಾರ್ವೆಯ ದಕ್ಷಿಣ ಕರಾವಳಿಯ ಮಾಂಡಾಲ್‌ನಲ್ಲಿ. ಅಪ್ಪ ಮರಗೆಲಸದವನು. ಹುಡುಗನೂ ಮೊದಲು ಕಲಿತದ್ದು ಮರದ ಕೆತ್ತನೆಯನ್ನೇ. 1893ರಲ್ಲಿ ಪ್ಯಾರಿಸ್ಸಿಗೆ ಹೋಗಿ ಶಿಲ್ಪಿ ರೋದಾನ ಕಾರ್ಯಾಗಾರವನ್ನು ಹೊಕ್ಕು ಬಂದ. ಆಮೇಲೆ ಹೊಟ್ಟೆಪಾಡಿಗೆ ಕೆಲವು ವರ್ಷ ಟ್ರೊಂಡ್‌ಹೈಮ್‌ನ ನಿಡಾರೋಸ್ ಕೆಥೆಡ್ರಲ್‌ನ ಜೀರ್ಣೋದ್ಧಾರದಲ್ಲಿ ಸಂತರ ಮೂರ್ತಿಗಳನ್ನೂ ವಿಕಾರ ಮೃಗಗಳನ್ನೂ ಮಾಡಿಕೊಟ್ಟ. ಇಷ್ಟವಿದ್ದು ಮಾಡಿದ ಕೆಲಸವಲ್ಲ, ಆದರೂ ಅಲ್ಲಿನ ಹಲ್ಲಿಗಳು, ಡ್ರ್ಯಾಗನ್‌ಗಳು ಅವನನ್ನು ಬಿಡಲಿಲ್ಲ. ದಶಕಗಳ ನಂತರ ಫ್ರೋಗ್ನರ್ ಸೇತುವೆಯ ಕಂಬಗಳ ಮೇಲೆ ಮನುಷ್ಯರೊಡನೆ ಸೆಣಸುತ್ತ ಮತ್ತೆ ಕಾಣಿಸಿಕೊಂಡವು. ನೊಬೆಲ್ ಶಾಂತಿ ಪ್ರಶಸ್ತಿಯ ಪದಕದ ವಿನ್ಯಾಸವೂ ಇವನದೇ.

1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾಯಿತು. ಹೊಸ ದೇಶಕ್ಕೆ ತನ್ನದೇ ಸ್ಮಾರಕಗಳು ಬೇಕಿದ್ದವು. ವಿಗೆಲಾಂಡ್ ಸರಿಯಾದ ಸಮಯಕ್ಕೆ ಸಿಕ್ಕಿದ. ಆದರೆ ಅವನು ಹೇಳಿದ ಹಾಗೆ ಕೇಳುವ ಆಸಾಮಿಯಲ್ಲ. ಗಣಿತಜ್ಞ ನೀಲ್ಸ್ ಹೆನ್ರಿಕ್ ಆಬೆಲ್‌ನ ಸ್ಮಾರಕವೆಂದರೆ ಕೋಟು ತೊಟ್ಟ ಪಂಡಿತ ಎದುರಿಗೆ ಬರಬೇಕಲ್ಲವೇ? 1908ರಲ್ಲಿ ಅರಮನೆಯ ತೋಟದ ದಿಣ್ಣೆಯ ಮೇಲೆ ಅವನು ನಿಲ್ಲಿಸಿದ್ದು, ಹಾರುತ್ತಿರುವ ಇಬ್ಬರ ಬೆನ್ನೇರಿದ ಬೆತ್ತಲೆ ತರುಣನನ್ನು.

ಕಾರಂಜಿಯ ಕಥೆಯೂ ಇದೇ ಹೊತ್ತಿನದು. 1906ರಲ್ಲಿ ಅದರ ಮಾದರಿ ಪ್ರದರ್ಶನಕ್ಕೆ ಬಂತು. ಆರು ಜನ ದೈತ್ಯರು ಹೊತ್ತ ದೊಡ್ಡ ಕೊಪ್ಪರಿಗೆ, ಸುತ್ತ ಕಂಚಿನ ಇಪ್ಪತ್ತು ಮರಗಳು, ಅವುಗಳ ಕೊಂಬೆಗಳಲ್ಲಿ ಹುಟ್ಟಿನಿಂದ ಸಾವಿನವರೆಗಿನ ಮನುಷ್ಯರು. ಜನ ಮೆಚ್ಚಿದರು. ಸಂಸತ್ ಭವನದ ಮುಂದಿನ ಚೌಕದಲ್ಲಿ ಇಡುವುದೆಂದು ಯೋಚನೆಯಾಯಿತು. ಜಾಗದ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಸಂಸತ್ತಿನ ಮುಂದೆ ಬೇಡ, ಅರಮನೆಯ ಬಳಿ ಇರಲಿ ಎಂದಾಯಿತು, ಅದೂ ನಿಲ್ಲಲಿಲ್ಲ. ಸಮಿತಿಗಳು ತೀರ್ಮಾನ ಮುಂದೂಡಿದಷ್ಟೂ ಶಿಲ್ಪಿ ಯೋಜನೆಯನ್ನು ಹಿಗ್ಗಿಸುತ್ತ ಹೋದ. ಕಾರಂಜಿಯ ಸುತ್ತ ಗ್ರಾನೈಟ್ ಗುಂಪುಶಿಲ್ಪಗಳು ಸೇರಿದವು. 1919ರಲ್ಲಿ ಅವುಗಳ ನಡುವೆ ಒಂದು ಮಹಾಸ್ತಂಭವೂ ಎದ್ದಿತು, ಕಾಗದದ ಮೇಲೆ. ಬೇಗ ಜಾಗ ಸಿಕ್ಕಿದ್ದರೆ ಓಸ್ಲೊಗೆ ಒಂದು ಚೆಂದದ ಕಾರಂಜಿ ಸಿಗುತ್ತಿತ್ತು, ಅಷ್ಟೇ.

ಗಂಟು ಬಿಚ್ಚಿದ್ದು ಕಲೆಗೆ ಸಂಬಂಧವೇ ಇಲ್ಲದ ಒಂದು ತಕರಾರು. ವಿಗೆಲಾಂಡ್ ಕೆಲಸ ಮಾಡುತ್ತಿದ್ದ ಕಟ್ಟಡವನ್ನು ಕೆಡವಿ ಅಲ್ಲಿ ಗ್ರಂಥಾಲಯ ಕಟ್ಟಬೇಕೆಂದು ನಗರಸಭೆ ನಿರ್ಧರಿಸಿತು. ಬಹಳ ಕಾಲ ಎಳೆದಾಡಿ 1921ರಲ್ಲಿ ಕರಾರು ಆಯಿತು: ನಗರ ಅವನಿಗೆ ಮನೆಯೂ ಸೇರಿದ ಹೊಸ ಕಾರ್ಯಾಗಾರ ಕಟ್ಟಿಕೊಡಬೇಕು, ಬದಲಿಗೆ ಅವನು ತನ್ನ ಕೈಯಲ್ಲಿದ್ದ ಮತ್ತು ಮುಂದೆ ಮಾಡುವ ಕೃತಿಗಳನ್ನು, ರೇಖಾಚಿತ್ರ, ಮಾದರಿಗಳ ಸಮೇತ, ನಗರಕ್ಕೆ ಬಿಟ್ಟುಕೊಡಬೇಕು. ಜೀವಮಾನದ ದುಡಿಮೆಯನ್ನು ಹೀಗೆ ಒಂದೇ ಊರಿಗೆ ಬರೆದುಕೊಟ್ಟ ಶಿಲ್ಪಿಗಳು ವಿರಳ, ಅದಕ್ಕೆ ಒಪ್ಪಿದ ನಗರಸಭೆಗಳು ಇನ್ನೂ ವಿರಳ. ಹೊಸ ಕಾರ್ಯಾಗಾರ ಎದ್ದದ್ದು ಆಗ ಊರಂಚಿನಂತಿದ್ದ ಫ್ರೋಗ್ನರ್‌ನಲ್ಲಿ. ಪಕ್ಕದಲ್ಲೇ ವಿಶಾಲ ಬಯಲು. 1924ರಲ್ಲಿ ಕಾರಂಜಿಗೂ ಅದೇ ಜಾಗವೆಂದು ತೀರ್ಮಾನವಾಯಿತು. ಮರುವರ್ಷ ಕ್ರಿಸ್ಟಿಯಾನಿಯಾ ಎಂಬ ಹೆಸರು ಹೋಗಿ ಊರು ಮತ್ತೆ ಓಸ್ಲೊ ಆಯಿತು.

ಸ್ತಂಭದ ಮಾತಿಗೆ ಬಂದರೆ ಉಳಿ ಹಿಡಿದವರ ಕಥೆ ಹೇಳಬೇಕು. ವಿಗೆಲಾಂಡ್ ಮೊದಲು ಜೇಡಿಮಣ್ಣಿನಲ್ಲಿ ರೂಪಿಸುತ್ತಿದ್ದ, ಅದರಿಂದ ಪ್ಲಾಸ್ಟರ್ ಮಾದರಿ ತಯಾರಾಗುತ್ತಿತ್ತು. ಸ್ತಂಭಕ್ಕೆ ಬೇಕಾದ ನೂರಾರು ಟನ್ ತೂಕದ ಒಂದೇ ಬಂಡೆ ಸ್ವೀಡನ್ನಿನ ಗಡಿಗೆ ಹತ್ತಿರದ ಹಾಲ್ಡೆನ್ ಕಡೆಯ ಕಲ್ಲುಗಣಿಯಿಂದ 1927ರಲ್ಲಿ ಉದ್ಯಾನಕ್ಕೆ ಬಂತು. ಮರುವರ್ಷ ಅದನ್ನು ನಿಲ್ಲಿಸಿ, ಸುತ್ತ ಮರದ ಕೊಟ್ಟಿಗೆ ಕಟ್ಟಿ, ಪಕ್ಕದಲ್ಲೇ ಪ್ಲಾಸ್ಟರ್ ಮಾದರಿಯನ್ನೂ ನಿಲ್ಲಿಸಿದರು. ನೀಲ್ಸ್ ಯೋನ್ಸನ್, ಕಾರ್ಲ್ ಶೇರ್, ಇವಾರ್ ಬ್ರೂ ಎಂಬ ಮೂವರು ಕಲ್ಲುಕುಟಿಗರು 1929ರಲ್ಲಿ ಕೆಲಸ ಹಿಡಿದರು. ಮಾದರಿಯ ಮೇಲಿನ ಬಿಂದು ಬಿಂದುವನ್ನೂ ಅಳೆದು ಕಲ್ಲಿಗೆ ಇಳಿಸುವ ಕೆಲಸ. ಒಂದು ಏಟು ಆಳಕ್ಕೆ ಹೋದರೆ ತೇಪೆ ಹಾಕುವಂತಿಲ್ಲ. ಸುಮಾರು 14 ಮೀಟರ್ ಎತ್ತರದಲ್ಲಿ 121 ದೇಹಗಳು ಒಂದನ್ನೊಂದು ತಬ್ಬಿ, ತಳ್ಳಿ, ಎತ್ತಿ ಮೇಲೇರುತ್ತವೆ. ಇಷ್ಟನ್ನು ಮುಗಿಸಲು ಮೂವರಿಗೆ ಹದಿನಾಲ್ಕು ವರ್ಷ ಹಿಡಿಯಿತು. ವಿಗೆಲಾಂಡ್ ಆ ಮಾದರಿಯನ್ನು ಮಾಡಿ ಮುಗಿಸಿದ್ದು ಒಂದು ವರ್ಷದೊಳಗೆ! ಉದ್ಯಾನದ ಈ ಶಿಲ್ಪಗಳ ಭಾಗಕ್ಕೆ ಅವನ ಹೆಸರೇ ಬಿದ್ದಿರುವುದು ನ್ಯಾಯವೇ, ಆದರೆ ಈ ಮೂವರ ಹೆಸರೂ ನೋಡುಗರ ಬಾಯಲ್ಲಿ ಬಂದರೆ ತಪ್ಪೇನಿಲ್ಲ.

ಅಷ್ಟರಲ್ಲಿ ಸೇತುವೆಯ ಯೋಜನೆಗೂ ಒಪ್ಪಿಗೆ ಸಿಕ್ಕಿ, 1940ರಲ್ಲಿ ಅದು ಜನರಿಗೆ ತೆರೆಯಿತು. ಅದರ ಅಂಚಿನುದ್ದಕ್ಕೂ 58 ಕಂಚಿನ ಪ್ರತಿಮೆಗಳು. ಅವುಗಳಲ್ಲಿ ಊರಿಗೆಲ್ಲ ಮುದ್ದಾದದ್ದು ಕಾಲು ಅಪ್ಪಳಿಸಿ ರಚ್ಚೆ ಹಿಡಿದ ಪುಟ್ಟ ಹುಡುಗ. ಅದೃಷ್ಟ ಬರುತ್ತದೆಂದೋ ಏನೋ, ಬಂದವರೆಲ್ಲ ಮುಟ್ಟಿ ಮುಟ್ಟಿ ಅವನ ಕೈ ಹಿತ್ತಾಳೆಯ ಹಾಗೆ ಹೊಳೆಯುತ್ತದೆ. ಒಮ್ಮೆ ಅವನನ್ನು ಕಳ್ಳರು ಕಿತ್ತುಕೊಂಡೂ ಹೋಗಿದ್ದರು, ಆಮೇಲೆ ಸಿಕ್ಕಿದ.

1940 ನಾರ್ವೆಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿತು. ಕೊಟ್ಟಿಗೆಯೊಳಗೆ ಉಳಿಯ ಸದ್ದು ನಿಲ್ಲಲಿಲ್ಲ. ಜರ್ಮನ್ ಸೈನಿಕರು ತನ್ನ ಕಾರ್ಯಾಗಾರ ನೋಡಲು ಬಂದರೆ ಅಭ್ಯಂತರವಿಲ್ಲವೆಂದು ವಿಗೆಲಾಂಡ್ ಬರೆದ ಪತ್ರ ಇಂದಿಗೂ ಅವನ ಅಭಿಮಾನಿಗಳಿಗೆ ಇರುಸುಮುರುಸು ತರುವಂಥದ್ದು. 1943ರ ಮಾರ್ಚಿನಲ್ಲಿ ಅವನು ತೀರಿಕೊಂಡ. ಆ ಹೊತ್ತಿಗೆ ಸ್ತಂಭದ ಕೆತ್ತನೆ ಮುಗಿದಿತ್ತು. 1944ರ ಕ್ರಿಸ್‌ಮಸ್ ವೇಳೆಗೆ, ಇನ್ನೂ ಯುದ್ಧ ಮುಗಿಯದಿದ್ದಾಗಲೇ, ಕೊಟ್ಟಿಗೆಯ ಬಾಗಿಲು ತೆರೆದರು. ನೋಡಲು ನುಗ್ಗಿದವರು 1,80,000 ಜನ.

ಎಲ್ಲರಿಗೂ ಹಿಡಿಸಿತೆಂದಲ್ಲ. ಯುದ್ಧ ಮುಗಿದ ವರ್ಷವೇ ವಿಮರ್ಶಕ ಪೋಲಾ ಗೊಗ್ಯಾಂ, ಅಂದರೆ ಪ್ರಸಿದ್ಧ ಚಿತ್ರಕಾರ ಪೌಲ್ ಗೊಗ್ಯಾಂನ ಮಗ, ಇದರಲ್ಲಿ ನಾಜಿ ಮನೋಭಾವದ ವಾಸನೆಯಿದೆ ಎಂದು ಖಂಡಿಸಿದ. ಸ್ತಂಭದ ಕಲ್ಪನೆ ಮೂಡಿದ್ದು 1919ರಲ್ಲಿ ಎಂಬುದನ್ನು ನೆನೆದರೆ ಆ ಆರೋಪ ಪೂರ್ತಿ ನಿಲ್ಲುವುದಿಲ್ಲ. ಆದರೂ ಒಂದೇ ಅಚ್ಚಿನಂಥ ಗಟ್ಟಿಮುಟ್ಟು ಮೈಗಳ ಸಾಲಿನ ನಡುವೆ ನಡೆದವರಿಗೆ ಆ ಅಳುಕು ಒಂದು ಕ್ಷಣವಾದರೂ ಬಾರದಿರದು. ಅದನ್ನು ತಳ್ಳಿಹಾಕುವುದೇ ಮುದುಕ ಮುದುಕಿಯರ ಶಿಲ್ಪಗಳು: ಜೋಲುಬಿದ್ದ ಚರ್ಮ, ಬಾಗಿದ ಬೆನ್ನು, ಒಬ್ಬರಿಗೊಬ್ಬರು ಒರಗಿ ಕೂತ ಭಂಗಿ. ಬಲಿಷ್ಠರನ್ನಷ್ಟೇ ಕೊಂಡಾಡುವ ಕಲೆಗೆ ಇವರಿಂದ ಕೆಲಸವಿಲ್ಲ.

ಕಾರಂಜಿಗೆ ಫ್ರೋಗ್ನರ್‌ನಲ್ಲಿ ನೀರು ಬಂದದ್ದು ಶಿಲ್ಪಿ ಸತ್ತ ಮೇಲೆಯೇ. 1947ರಲ್ಲಿ ಅವನ ಕಾರ್ಯಾಗಾರ ಮ್ಯೂಸಿಯಂ ಆಯಿತು. ಉದ್ಯಾನದಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಬಸ್ಸಿನಲ್ಲಿ ಬಂದಿಳಿಯುವ ಪ್ರವಾಸಿಗಳಲ್ಲಿ ಬಹುಪಾಲು ಅಲ್ಲಿಗೆ ಹೋಗುವುದಿಲ್ಲ. ಸುಮಾರು 1,600 ಶಿಲ್ಪಗಳು, 12,000 ರೇಖಾಚಿತ್ರಗಳು, 420 ಮರದಚ್ಚಿನ ಚಿತ್ರಗಳು ಅಲ್ಲಿವೆ. ಸ್ತಂಭದ ಪ್ಲಾಸ್ಟರ್ ಮಾದರಿಯೂ ತುಂಡುಗಳಾಗಿ ಅಲ್ಲೇ ನಿಂತಿದೆ. ಹೊರಗೆ ಕತ್ತೆತ್ತಿದರೂ ಸರಿಯಾಗಿ ಕಾಣದ ತುದಿಯ ಎಳೆಮಕ್ಕಳ ಮುಖಗಳನ್ನು ಇಲ್ಲಿ ಕಣ್ಣಿನ ಮಟ್ಟಕ್ಕೇ ನೋಡಬಹುದು.