ಡಾಕರ್ ಕಂಟೇನರ್ ಆಜ್ಞೆಗಳು

ಡಾಕರ್ ಕಂಟೇನರ್ ಆಜ್ಞೆಗಳು ತಂತ್ರಾಂಶ ಕಂಟೇನರ್‌ಗಳನ್ನು ಸೃಷ್ಟಿಸಲು, ನಡೆಸಲು ಮತ್ತು ಅಳಿಸಲು ಟರ್ಮಿನಲ್‌ನಲ್ಲಿ ಬಳಸುವ ಆಜ್ಞೆಗಳಾಗಿವೆ. ಮುಕ್ತ ಆಕರ ತಂತ್ರಾಂಶವಾದ ಡಾಕರ್ 2013ರ ಮಾರ್ಚ್‌ನಲ್ಲಿ ಬಿಡುಗಡೆಯಾಯಿತು. ಕಂಟೇನರ್ ಎಂಬ ಹೆಸರು ಸರಕು ಸಾಗಣೆಯಿಂದ ಬಂದಿದೆ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಕಾನ್‌ಕಾರ್ ಸಂಸ್ಥೆಯ ಒಳನಾಡು ಕಂಟೇನರ್ ಡಿಪೋದಂತಹ ಕಡೆ, ಒಳಗಿನ ಸರಕು ಯಾವುದೇ ಇದ್ದರೂ ಪೆಟ್ಟಿಗೆಯನ್ನು ಎತ್ತುವ ವಿಧಾನ ಒಂದೇ. ಹಾಗೆಯೇ ಯಾವ ಭಾಷೆಯಲ್ಲಿ ಬರೆದ ತಂತ್ರಾಂಶವಾದರೂ ಅದರ ಕಂಟೇನರನ್ನು ಇವೇ ಆಜ್ಞೆಗಳಿಂದ ನಿರ್ವಹಿಸಬಹುದು.

ಮುಖ್ಯ ಆಜ್ಞೆಗಳು

• ಡಾಕರ್ ರನ್: ತಂತ್ರಾಂಶವನ್ನೂ ಅದಕ್ಕೆ ಬೇಕಾದ ಕಡತಗಳನ್ನೂ ಒಳಗೊಂಡ ಇಮೇಜ್‌ನಿಂದ ಹೊಸ ಕಂಟೇನರ್ ಸೃಷ್ಟಿಸಿ ಚಾಲನೆಗೊಳಿಸುತ್ತದೆ.
• ಡಾಕರ್ ಪಿಎಸ್: ಚಾಲನೆಯಲ್ಲಿರುವ ಕಂಟೇನರ್‌ಗಳನ್ನು ಪಟ್ಟಿ ಮಾಡುತ್ತದೆ. ‘-ಎ’ ಸೇರಿಸಿದರೆ ನಿಂತಿರುವವೂ ಕಾಣುತ್ತವೆ.
• ಡಾಕರ್ ಲಾಗ್ಸ್: ಕಂಟೇನರ್‌ನ ದಾಖಲೆ ಸಾಲುಗಳನ್ನು ತೋರಿಸುತ್ತದೆ.
• ಡಾಕರ್ ಎಕ್ಸೆಕ್: ನಡೆಯುತ್ತಿರುವ ಕಂಟೇನರ್‌ನೊಳಗೆ ಮತ್ತೊಂದು ಆಜ್ಞೆಯನ್ನು ನಡೆಸುತ್ತದೆ.
• ಡಾಕರ್ ಸ್ಟಾಪ್: ಮುಗಿಸುವಂತೆ ಸೂಚನೆ ಕಳುಹಿಸುತ್ತದೆ. ಲಿನಕ್ಸ್ ಕಂಟೇನರ್ ಸಾಮಾನ್ಯವಾಗಿ 10 ಸೆಕೆಂಡುಗಳಲ್ಲಿ ನಿಲ್ಲದಿದ್ದರೆ ಬಲವಂತವಾಗಿ ನಿಲ್ಲಿಸುತ್ತದೆ.
• ಡಾಕರ್ ಸ್ಟಾರ್ಟ್: ನಿಂತ ಕಂಟೇನರನ್ನೇ ಮತ್ತೆ ಆರಂಭಿಸುತ್ತದೆ.
• ಡಾಕರ್ ಆರ್‌ಎಂ: ನಿಂತ ಕಂಟೇನರನ್ನು ಅಳಿಸುತ್ತದೆ.

ದತ್ತಾಂಶದ ಸುರಕ್ಷತೆ

ಕಂಟೇನರ್ ನಿಲ್ಲಿಸಿದಾಗ ಅದರೊಳಗೆ ಬರೆದ ಕಡತಗಳು ಉಳಿಯುತ್ತವೆ. ಅಳಿಸಿದಾಗ ಅವೂ ಅಳಿದುಹೋಗುತ್ತವೆ. ಅದೇ ಇಮೇಜ್‌ನಿಂದ ಮತ್ತೆ ‘ರನ್’ ಮಾಡಿದರೆ ದೊರೆಯುವುದು ಹೊಸ ಕಂಟೇನರ್, ಹಳೆಯ ದತ್ತಾಂಶವಲ್ಲ. ಆದ್ದರಿಂದ ದತ್ತಸಂಚಯದಂತಹ ಶಾಶ್ವತ ಮಾಹಿತಿಯನ್ನು ಹೆಸರಿಟ್ಟ ವಾಲ್ಯೂಮ್‌ನಲ್ಲಿ ಇಡಲಾಗುತ್ತದೆ. ಕಂಟೇನರ್ ಅಳಿಸಿದರೂ ಅಂತಹ ವಾಲ್ಯೂಮ್ ಉಳಿಯುತ್ತದೆ.